ಕೇಳಿಸದೇ ಹೋದ ಬ್ರಷ್ಷಿನ ಸದ್ದು

ಒಬ್ಬ ಮನುಷ್ಯನನ್ನು ಸುಳ್ಳುಗಾರನೆಂದು ಕರೆಯುವ ಮುನ್ನ ನೀವು ಎಂದಾದರೂ ಅವನ ಮನೆಯ ಬಾಗಿಲಿನವರೆಗೆ ಹೋಗಿದ್ದೀರಾ?

ಇಲ್ಲ. ಮಂಜುಶ್ರೀಯೂ ಹೋಗಿರಲಿಲ್ಲ.

ಅಂದು ಭಾನುವಾರ. ವೈಟ್‌ಫೀಲ್ಡಿನ ವಿಶ್ವನಾಥ್ ಅವರ ಫ್ಲ್ಯಾಟಿನಲ್ಲಿ ಹನ್ನೆರಡು ಜನ ಜಾಝ್ ಪ್ರೇಮಿಗಳು ಸೇರಿದ್ದರು. ವಾಟ್ಸಾಪಿನಲ್ಲಿ ಇವರದೊಂದು ಗುಂಪು. ಪ್ರತಿ ಸಂಜೆ ಒಬ್ಬೊಬ್ಬರೂ ತಮ್ಮ ಪ್ಲೇಯರ್ ಮೇಲೆ ತಿರುಗುತ್ತಿರುವ ರೆಕಾರ್ಡಿನ ಫೋಟೋ ಹಾಕಿ, ಕೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ನಿಯಮ ಒಂದೇ: ಸ್ವಂತ ಕಿವಿಯಿಂದ ಕೇಳದೆ ಇದ್ದುದನ್ನು ಬರೆಯಕೂಡದು. ಆ ನಿಯಮವನ್ನು ಕಾಯುತ್ತಿದ್ದವಳು ಗುಂಪಿನ ಅಡ್ಮಿನ್ ಮಂಜುಶ್ರೀ.

ಕೂಟಕ್ಕೆ ಮೊದಲ ಸಲ ಬಂದು ಬಾಗಿಲ ಬಳಿ ನಿಂತಿದ್ದ ಗಂಡಸನ್ನು ಕಂಡೊಡನೆ ಅವಳ ಎದೆ ಒಮ್ಮೆ ಹಾರಿತು.

*ಇವನೇ... ಇವನೇ ವಸಂತ್!*

ಎರಡು ವರ್ಷಗಳಿಂದ ಅವಳು ಅವನ ನಾಲ್ಕು ಸಾಲುಗಳಿಗಾಗಿ ಸಂಜೆಯನ್ನು ಕಾದವಳು. ಡ್ರಮ್ಮಿನ ಚರ್ಮದ ಮೇಲೆ ಲೋಹದ ಎಳೆಗಳ ಬ್ರಷ್ ಆಡುವ ಸದ್ದನ್ನು ಅವನು ಒಮ್ಮೆ ಹೀಗೆ ಬರೆದಿದ್ದ: 'ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಳೆ. ಅವಳಿಗೆ ಯಾವ ಅವಸರವೂ ಇಲ್ಲ.' ಅದನ್ನು ಓದಿದ ದಿನವೇ ಮಂಜುಶ್ರೀ ಸೋತಿದ್ದಳು. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

"ಬನ್ನಿ ಸಾರ್, ಹೊಸಬರು ಮೊದಲು ಪರೀಕ್ಷೆ ಕೊಡ್ಬೇಕು," ಎಂದು ಗುಂಪಿನ ಹಳಬ ಅಂಜನ್ ನಗುತ್ತ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಕವರನ್ನು ಮರೆಮಾಡಿ ರೆಕಾರ್ಡ್ ಹಾಕುವುದು, ಹೊಸಬರು ಕೇಳಿದ್ದನ್ನು ಹೇಳುವುದು. ಅದು ಆ ಮನೆಯ ಪದ್ಧತಿ.

ಮಂಜುಶ್ರೀಯೇ ಪ್ಲೇಯರಿನ ಮುಳ್ಳನ್ನು ಇಳಿಸಿದಳು. ಅವನಿಗೆಂದೇ ಆರಿಸಿದ ರೆಕಾರ್ಡ್ ಅದು. ಮೊದಲಿನಿಂದ ಕೊನೆಯವರೆಗೂ ಬ್ರಷ್ಷಿನದೇ ಮೃದು ಸದ್ದು.

ವಸಂತ್ ಕಣ್ಣು ಮುಚ್ಚಿ ಕೇಳಿದ. ಹಾಡು ಮುಗಿಯಿತು.

"ಪಿಯಾನೋ ನುಡಿಸೋರ ಎಡಗೈ ತುಂಬಾ ಹಗುರ. ಬಾಸ್ ತಂತಿ ಅವರ ಹಿಂದೇನೇ ನಡೀತಾ ಇದೆ. ಇಬ್ಬರೇ ಇದ್ದಾರೆ, ಡ್ರಮ್ಸ್ ಇಟ್ಕೊಂಡಿಲ್ಲ. ಅದೇ ಚೆಂದ."

ಯಾರೋ ಕಿಸಕ್ಕನೆ ನಕ್ಕರು.

"ಗುರು, ತಮಾಷೆ ಮಾಡ್ತಿದ್ದೀರಾ?" ಎಂದ ಅಂಜನ್. "ಬ್ರಷ್ ಶುರುವಿನಿಂದ್ಲೂ ಇದೆಯಲ್ಲ!"

"ಇದೆಯಾ...?" ವಸಂತನ ಮುಖದಲ್ಲಿ ರಕ್ತವಿರಲಿಲ್ಲ. "ಇನ್ನೊಂದ್ಸಲ ಹಾಕ್ತೀರಾ?"

ಆದರೆ ಮಂಜುಶ್ರೀಯ ಮನಸ್ಸಿನಲ್ಲಿ ಏನೋ ಮುರಿದಿತ್ತು. *ಹಾಗಾದರೆ ಆ ಸಾಲುಗಳೆಲ್ಲ ಯಾರದು? ಎಲ್ಲಿಂದ ಕದ್ದದ್ದು?*

"ಬೇಡ ಬಿಡಿ ವಸಂತ್," ಎಂದಳು. "ಬ್ರಷ್ ಬಗ್ಗೆ ಅಷ್ಟೆಲ್ಲ ಬರ್ದೋರಿಗೆ ಎದುರಿಗಿದ್ದ ಬ್ರಷ್ ಕೇಳಿಸ್ಲಿಲ್ಲ. ಎರಡು ವರ್ಷ ಯಾರದ್ದೋ ಬರಹ ಕಾಪಿ ಮಾಡಿ ಹಾಕಿದ್ರಿ, ಅಲ್ವಾ?"

ಅವನು ಅವಳ ತುಟಿಗಳನ್ನೇ ನೋಡಿದ. ತಾನು ತಂದಿದ್ದ ರೆಕಾರ್ಡನ್ನು ಸೋಫಾದ ಮೇಲೆ ಮರೆತು, ಮೆಟ್ಟಿಲಿಳಿದು ಹೊರಟುಹೋದ.

ಅವನು ಗೇಟು ದಾಟುವ ಮೊದಲೇ ಅವಳು ಅವನನ್ನು ಗುಂಪಿನಿಂದ ತೆಗೆದುಹಾಕಿದಳು. ನ್ಯಾಯ ಪಾಲಿಸಿದೆನೆಂಬ ಸಮಾಧಾನವೂ ಅವಳಿಗಿತ್ತು! ವಿಚಾರಣೆಯಿಲ್ಲದೆ ಶಿಕ್ಷೆ ಕೊಡುವವರಿಗೆ ಆ ಸಮಾಧಾನ ಬಹಳ ಸುಲಭವಾಗಿ ದೊರೆಯುತ್ತದೆ.

ಆದರೆ ಆರು ಸಂಜೆಗಳು ಅವನ ಸಾಲುಗಳಿಲ್ಲದೆ ಕಳೆದವು. ಏಳನೆಯ ದಿನ, ಮತ್ತೊಂದು ಭಾನುವಾರ, ಅವಳು ಅವನು ಮರೆತುಹೋಗಿದ್ದ ರೆಕಾರ್ಡನ್ನು ಎತ್ತಿಕೊಂಡು, ಅದರ ಕವರಿನೊಳಗೆ ಬರೆದಿದ್ದ ವಿಳಾಸ ಹಿಡಿದು ಮೆಟ್ರೋ ಹತ್ತಿದಳು. ಹಿಂದಿರುಗಿಸುವುದಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ರಾಜಗೋಪಾಲನಗರದ ಆ ವಠಾರದ ಮುಂದೆ ಮನೆಯೊಡತಿ ಭದ್ರಮ್ಮ ಸೊಪ್ಪು ಬಿಡಿಸುತ್ತಿದ್ದಳು.

"ಯಾರವ್ವಾ? ವಸಂತಪ್ಪನ್ನ ನೋಡಾಕೆ ಬಂದ್ಯಾ? ಬಾಗ್ಲು ಬಡ್ಕೊಂಡು ನಿಂತ್ಕಬ್ಯಾಡ, ಸುಮ್ಕೆ ಒಳೀಕೆ ಓಗು."

"ಕೇಳದೆ ಹೇಗೆ ಹೋಗ್ಲಿ ಅಜ್ಜಿ?"

"ಕೇಳಿದ್ರೆ ಅವಂಗೆ ಕೇಳಿಸ್ಬೇಕಲ್ಲ! ಅದಿಮೂರು ವರ್ಸ ಕಾರ್ಖಾನ್ಯಾಗೆ ತಗಡು ಒತ್ತೋ ಆ ಪ್ರೆಸ್ಸು ಕಿವಿ ಪಕ್ಕದಾಗೇ ಬಡೀತು. ನಾನು ಊಟಕ್ಕೆ ಕೂಗಿದ್ರೂ ಇಂಗೇ ಗ್ವಾಡೆ ನೋಡ್ಕೊಂಡ್ ಕೂತಿರ್ತಾನೆ. ಅವನು ಮಾತ್ರ ಒಪ್ಪಾಕಿಲ್ಲ, 'ನೀನೇ ಮೆಲ್ಲಗೆ ಕೂಗ್ತೀಯ' ಅಂತಾನೆ. ನಾನು ಮೆಲ್ಲಗೆ ಕೂಗೋದು ಈ ಬೀದೀಲಿ ಯಾರು ಕೇಳವ್ರೆ?"

ಮಂಜುಶ್ರೀ ಬಾಗಿಲು ತಟ್ಟದೆ ಹೊಸ್ತಿಲು ದಾಟಿದಳು.

ಒಳಗೆ ವಸಂತ್ ತಿರುಗುತ್ತಿದ್ದ ಪ್ಲೇಯರಿನ ಮುಂದೆ ಕೂತಿದ್ದ. ಕಾರ್ಖಾನೆಯ ಹಳೆಯ ಸೂಪರ್‌ವೈಸರ್ ಒಬ್ಬರು ಊರು ಬಿಡುವಾಗ ಅವನಿಗೆ ಕೊಟ್ಟುಹೋದ ರೆಕಾರ್ಡುಗಳು ಸುತ್ತ ಹರಡಿದ್ದವು. ಅವಳ ನೆರಳು ಬಿದ್ದಾಗ ಅವನು ತಿರುಗಿ ನೋಡಿದ.

"ನಾನು ಸುಳ್ಳು ಬರೀಲಿಲ್ಲ ಮೇಡಂ," ಎಂದ. ಅದೇ ಅವನ ಮೊದಲ ಮಾತು.

"ವಸಂತ್..."

"ಇವೆಲ್ಲ ನನಗೆ ಬಾಯಿಪಾಠ. ಚೆನ್ನಾಗಿ ಕೇಳಿಸ್ತಿದ್ದ ಕಾಲದಿಂದ ಕೇಳಿದ್ದು. ಈಗ ಹಾಕಿದ್ರೂ ಬ್ರಷ್ ಕೇಳಿಸ್ತಾ ಇತ್ತು. ಕಿವಿಗೆ ಕೇಳಿಸ್ತಿದೆ ಅಂತಾನೇ ಅಂದ್ಕೊಂಡಿದ್ದೆ... ಅದು ನೆನಪು ಕಣ್ರೀ. ಬರೀ ನೆನಪು. ನೀವು ಹಾಕಿದ್ದು ಯಾವತ್ತೂ ಕೇಳಿರದ ರೆಕಾರ್ಡು. ನೆನಪಲ್ಲಿ ಇರ್ಲಿಲ್ಲ, ಹಾಗಾಗಿ ಅಲ್ಲಿ ಏನೂ ಇರ್ಲಿಲ್ಲ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. *ಹನ್ನೆರಡು ಜನರ ಎದುರು... ಅವನು ತನ್ನ ಕಿವಿ ಹೋದದ್ದನ್ನು ಅರಿತ ಆ ಕ್ಷಣದಲ್ಲಿ... ನಾನು ಅವನನ್ನು ಕಳ್ಳನೆಂದೆ!*

"ಕೈ ತೆಗೀರಿ," ಎಂದ ಅವನು ಮೆಲ್ಲಗೆ. "ತುಟಿ ಕಾಣದಿದ್ರೆ ಮಾತು ಅರ್ಧ ಹೋಗುತ್ತೆ."

ಅವಳು ಕೈ ತೆಗೆದಳು. ಕಣ್ಣೀರು ಹರಿಯಿತು.

"ಡಾಕ್ಟರು ಏನಂದ್ರು?"

"ಬುಧವಾರ ಹೋಗಿದ್ದೆ. ಹೋಗಿದ್ದು ಬರಲ್ವಂತೆ. ಕಿವಿಗೆ ಮೆಷಿನ್ ಹಾಕ್ಕೊಂಡ್ರೆ ಮಾತು ಒಂದಿಷ್ಟು ಸಿಗಬಹುದು, ಸಂಗೀತ ಮೊದಲಿನ ಹಾಗೆ ಸಿಗಲ್ಲ ಅಂದ್ರು. ಪ್ರೆಸ್ ಹತ್ರ ನಿಂತಷ್ಟು ದಿನ ಉಳಿದಿದ್ದೂ ಹೋಗುತ್ತಂತೆ."

"ಕಾರ್ಖಾನೆಯೋರು ಕಿವಿ ಮುಚ್ಕೊಳ್ಳೋಕೆ ಏನೂ ಕೊಡಲ್ವಾ?"

"ಕೊಡ್ತಾರೆ. ತಪಾಸಣೆಯೋರು ಬರೋ ದಿನ ಕೊಡ್ತಾರೆ. ಅವರು ಗೇಟ್ ದಾಟಿದ್ಮೇಲೆ ವಾಪಸ್ ತಗೋತಾರೆ." ಅವನು ನಕ್ಕ. ಆ ನಗುವನ್ನು ನೋಡಲಾಗುತ್ತಿರಲಿಲ್ಲ.

"ಆ ಕೆಲಸ ಬಿಟ್ಬಿಡಿ!"

"ಬಿಟ್ಟು? ನನಗೆ ಬರೋದು ಅದೊಂದೇ. ಪೀಣ್ಯದಲ್ಲಿ ಯಾವ ಶೆಡ್ಡಿಗೆ ಹೋದ್ರೂ ಪ್ರೆಸ್ಸೇ."

ಹದಿಮೂರು ವರ್ಷ ಒಬ್ಬನ ಕಿವಿಯನ್ನು ಪ್ರತಿದಿನ ಒಂದಿಷ್ಟು ಕಿತ್ತುಕೊಂಡರೆ ಅದನ್ನು ಯಾರೂ ಕಳ್ಳತನವೆನ್ನುವುದಿಲ್ಲ. ಅವನು ನಾಲ್ಕು ಸಾಲು ಬರೆದರೆ ಮಾತ್ರ ಕಳ್ಳ! ಮಂಜುಶ್ರೀಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ತಪ್ಪಾಯ್ತು," ಎಂದಳು. "ಎಲ್ಲರ ಮುಂದೆ ಅಂದೆ, ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ. ಅಷ್ಟಕ್ಕೇ ಮುಗಿಯಲ್ಲ ಅಂತ ಗೊತ್ತು. ನಾನು ಅಷ್ಟು ಸಿಟ್ಟಾಗಿದ್ದು ಯಾಕೆ ಗೊತ್ತಾ? ನನಗೆ ನೀವು ಇಷ್ಟ ರೀ. ಎರಡು ವರ್ಷದಿಂದ."

ಅವನು ಅವಳ ಕಡೆಗೆ ಪೂರ್ತಿ ತಿರುಗಿ ಕೂತ.

"ಇನ್ನೊಂದ್ಸಲ ಹೇಳಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳಿ."

ಅವಳು ಅಳುತ್ತಲೇ ನಕ್ಕಳು. ಹೇಳಿದಳು.

"ನನಗೂ," ಎಂದ ವಸಂತ್. "ಆ ನಾಲ್ಕು ಸಾಲು ಬರೀತಿದ್ದಿದ್ದೇ ನೀವು ಓದ್ತೀರ ಅಂತ. ಆದ್ರೆ ಬೇಡ ಮಂಜುಶ್ರೀ. ಇನ್ನೈದಾರು ವರ್ಷಕ್ಕೆ ನಿಮ್ಮ ದನೀನೂ ಹೋಗಿರುತ್ತೆ. ನೀವು ಕರೀತೀರ, ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ."

"ನಾನು ಗೋಡೆ ಕಡೆ ಬಂದು ನಿಂತ್ಕೋತೀನಿ."

ಅವನು ತಲೆತಗ್ಗಿಸಿದ. ಅವಳು ಅವನ ಗಲ್ಲ ಹಿಡಿದು, ತನ್ನ ತುಟಿ ಕಾಣುವಂತೆ ಮುಖ ಮೇಲೆತ್ತಿದಳು. ಅವನು ಕೈಚಾಚಿ ಪ್ಲೇಯರ್ ನಿಲ್ಲಿಸಿದ.

"ಹಾಗಾದ್ರೆ ಈಗ ಮಾತಾಡಿ," ಎಂದ. "ನಿಮ್ಮ ದನಿ ಇನ್ನೂ ನನಗೆ ಬಾಯಿಪಾಠ ಆಗಿಲ್ಲ."

"ಏನ್ ಮಾತಾಡ್ಲಿ?"

"ಏನಾದ್ರೂ. ಬಂದ ದಾರಿ ಹೇಳಿ."

"ಮೆಜೆಸ್ಟಿಕ್ಕಲ್ಲಿ ಬದಲಾಯಿಸಿದೆ," ಎಂದು ಅವಳು ಶುರುಮಾಡಿದಳು, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ. "ಆಮೇಲೆ... ಯಶವಂತಪುರ... ಗೊರಗುಂಟೆಪಾಳ್ಯ... ಪೀಣ್ಯ..."

"ನಿಧಾನ," ಎಂದ ಅವನು. "ನೆನಪಿಟ್ಕೋತಾ ಇದೀನಿ."

ಓದುಗರೇ, ನಿಮ್ಮ ಬಾಗಿಲಿನ ಕೀಲನ್ನು, ನಿಮ್ಮ ಒಲೆಯ ತಟ್ಟೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಕೊಟ್ಟವನ ಹೆಸರು ನಿಮಗೆ ಗೊತ್ತಿಲ್ಲ. ಅಳುವುದನ್ನು ನಿಲ್ಲಿಸಿ ಒಂದು ಕೆಲಸ ಮಾಡಿ. ಯಂತ್ರದ ಪಕ್ಕದಲ್ಲಿ ದುಡಿಯುವವರೊಬ್ಬರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದೇ ಇರುತ್ತಾರೆ. ಈ ವಾರವೇ ಅವರನ್ನು ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋಗಿ. "ನನಗೇನಾಗಿದೆ, ಚೆನ್ನಾಗೇ ಕೇಳಿಸುತ್ತೆ" ಎಂದು ಅವರು ಹೇಳುತ್ತಾರೆ. ಆದರೂ ಕರೆದುಕೊಂಡು ಹೋಗಿ.