ಗುಡ್ಡದ ನೆತ್ತಿಯ ಮಾಲ್ಬೆಕ್

ಮುನ್ನೂರ ಹನ್ನೆರಡು ಬಳ್ಳಿ—ಎಲ್ಲವನ್ನೂ ಬುಡದಿಂದ ಗೇಣೆತ್ತರಕ್ಕೆ ಯಾರೋ ಕಡಿದುಹಾಕಿದ್ದರು. ತಂತಿಗೆ ಜೋತುಬಿದ್ದ ಎಲೆಗಳು ಆಗಲೇ ಬಾಡತೊಡಗಿದ್ದವು.

ಗುರುದೇವಿ ಮುಂಜಾನೆ ಶಹಾಪುರಕ್ಕೆ ಹೋಗಿ, ಕೊಯ್ಲಿಗೆಂದು ಕ್ರೇಟು ತುಂಬಿದ ಟಂಟಂ ಗಾಡಿಯ ಜೊತೆ ನಾಲ್ಕು ಗಂಟೆಗೆ ಮರಳಿದ್ದಳು. ಮಾಲ್ಬೆಕ್ ಎಂಬ ಈ ಕೆಂಪು ವೈನ್ ದ್ರಾಕ್ಷಿಗೆ ಎತ್ತರದ ತಂಪು ಬೇಕು. ಕೆಳಗೆ ದೋರನಹಳ್ಳಿಯ ಹೊಲದಲ್ಲಿ ಒಣಗಿಹೋದದ್ದು ಗುಡ್ಡದ ನೆತ್ತಿಯಲ್ಲಿ ನಾಲ್ಕೇ ವರ್ಷಕ್ಕೆ ಕಪ್ಪಗೆ ತುಂಬಿ ನಿಂತಿತ್ತು. ಇನ್ನು ಹತ್ತು ದಿನಕ್ಕೆ ಮೊದಲ ಕೊಯ್ಲು ಆಗಬೇಕಿತ್ತು.

ಪಿಎಸ್‌ಐ ಅಂಬರೀನ ಠಾಣೆಯಿಂದ ಬಂದು ಸಾಲುಗಳ ನಡುವೆ ಎರಡು ಸಲ ಓಡಾಡಿದಳು.

“ಯಾರ ಮ್ಯಾಲೆ ಅನುಮಾನ ಅದ?”

“ಇನ್ಯಾರ್ರಿ? ಕುರಿ ಭಗವಂತರಾಯ! ಕುರಿ ಮೇಯೋ ಜಾಗಕ್ಕ ಬೇಲಿ ಹಾಕಿದಾಗಿಂದ ಹಲ್ಲು ಮಸಿಯಾಕತ್ತಾನ. ಇಲ್ಲಾಂದ್ರ ಚನ್ನಯ್ಯ ಸ್ವಾಮಿ. ಸೆರಿ-ದಾರೂ ಮಾಡೋ ಹಣ್ಣು ಶಿವನ ಗುಡ್ಡದಾಗ ಬ್ಯಾಡ ಅಂದಿದ್ರು.”

“ನಿಮ್ಮ ಮನಿಯವ್ರು?”

“ಯಾದಗಿರಿಗಿ ಹೋಗಿದ್ರು. ಈಗ ಬಂದಾರ.”

ಗಂಡ ಆಚೆ ಬಂಡೆಯ ಮೇಲೆ ತಲೆ ಮೇಲೆ ಕೈಹೊತ್ತು ಕುಳಿತಿದ್ದ.

ಅಂಬರೀನ ಹನಿ ನೀರಿನ ಪೈಪು ಮುಟ್ಟಿ ನೋಡಿದಳು. “ಹೋಗುವಾಗ ನೀರು ಬಿಟ್ಟಿದ್ರೇನು?”

“ಹೌದ್ರಿ. ಸಂಜಿಮಟ ಬಿಡ್ತೀನಿ.”

“ಟಾಕಿ ತುಂಬೇ ಅದ. ಇಲ್ಲಿ ಒಂದು ಹನೀನೂ ಬೀಳವಲ್ದು. ವಾಲ್ವ್ ಎಲ್ಲದ?”

ಗುರುದೇವಿ ಚಪ್ಪಡಿಗಲ್ಲೊಂದನ್ನು ಸರಿಸಿದಳು. ಯಾರ ಕಣ್ಣಿಗೂ ಬೀಳದಂತೆ ಹೂತಿಟ್ಟ ವಾಲ್ವ್—ಬಂದ್ ಆಗಿತ್ತು.

“ಇದು ಭಗವಂತರಾಯಗ ಗೊತ್ತೇನು?”

“ಇಲ್ರಿ.”

“ಸ್ವಾಮಿಗಿ?”

“ಅವರು ಬೇಲಿ ಒಳಗ ಕಾಲಿಟ್ಟವರೇ ಅಲ್ಲ.”

ಅಂಬರೀನ ದನಿ ತಗ್ಗಿಸಿದಳು. “ಕಡಿಯಾಕ ಬಂದಾವ ಮೊದಲು ನೀರು ಬಂದ್ ಮಾಡ್ಯಾನ. ಬಳ್ಳಿ ಸತ್ರೂ ನೀರು ಹಾಳಾಗಬಾರ್ದಾಗಿತ್ತು ಅವಗ. ಹೊರಗಿನವ್ರಿಗಿ ನಿಮ್ಮ ನೀರಿನ ಚಿಂತಿ ಯಾಕವ್ವ? ಈ ಕಲ್ಲಿನ ಗುಟ್ಟು ಎಷ್ಟು ಮಂದಿಗಿ ಗೊತ್ತು?”

ಗುರುದೇವಿ ಚಪ್ಪಡಿಗಲ್ಲನ್ನು ಮತ್ತೆ ವಾಲ್ವಿನ ಮೇಲೆ ಎಳೆದಳು. “ಇಬ್ಬರಿಗಿ.”

ಬಂಡೆಯ ಮೇಲಿಂದ ಆ ಕಲ್ಲನ್ನೇ ನೋಡುತ್ತಿದ್ದ ಗಂಡ ಎದ್ದು ನಿಂತ. “ವೈನ್ ಕಂಪನಿಯವ್ರು ಬಂದಾಗ ಏನಂದ್ರು? ‘ಗುರುದೇವಿಯವರ ತೋಟ’ ಅಂತ! ನನಗ ಚಾ ತರಾಕ ಕಳಿಸಿದ್ರು! ನಮ್ಮಪ್ಪನ ಗುಡ್ಡ ಇದು—ನಮ್ಮಪ್ಪಂದು!”

ಗುರುದೇವಿ ಅತ್ತ ತಿರುಗಲಿಲ್ಲ.

ಅಂಬರೀನ ದೂರಿನ ಹಾಳೆ ತೆಗೆದಳು. “ಹೆಸರು ಹೇಳ್ರಿ. ನೀವೇ ಹೇಳ್ಬೇಕು.”

ಮದುವೆಯಾಗಿ ಹದಿನೆಂಟು ವರ್ಷ. ಓಣಿಯ ಹೆಂಗಸರು ಕಾಡಿಸಿದಾಗ ಒಡಪಿನ ಪ್ರಾಸದಲ್ಲಿ ಹೆಣೆದು, ಸೆರಗು ಬಾಯಿಗಿಟ್ಟು ನಾಚಿ ಹೇಳಿದ್ದು ಬಿಟ್ಟರೆ, ಗುರುದೇವಿ ಗಂಡನ ಹೆಸರನ್ನು ಒಮ್ಮೆಯೂ ಅಂದವಳಲ್ಲ.

“ಜಗದೇವಪ್ಪ,” ಎಂದಳು. “ಬರ್ಕೋರಿ.”