ಎರಡು ಹೆಡ್‌ಫೋನ್, ಒಂದು ದನಿ

ಜಯಮಾಲಾ ಟೀಚರ್ ಓದುವಾಗ ತಡವರಿಸಿದ್ದಾರೆ ಎಂದು ಹಳೇಬೀಡಿನ ಬಸದಿ ಸಮಿತಿಯವರೆಲ್ಲ ನಂಬಿದರು. ಟೀಚರೂ ನಂಬಿದರು. ತಪ್ಪು ಅವರದಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಮೂರು ವಾರ ಬಾಯಿ ಬಿಡಲಿಲ್ಲ.

ನಾನು ರಂಗನಾಥ್. ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ಹೊತ್ತು ಹೋಗದೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿತೆ. ಬಸದಿ ನೋಡಲು ಬಂದವರು ಹೆಡ್‌ಫೋನ್ ಹಾಕಿಕೊಂಡು ಭಾಷೆಯ ಗುಂಡಿ ಒತ್ತಿದರೆ ವಿವರಣೆ ಕೇಳಬೇಕು, ಅಂಥದೊಂದು ಪೆಟ್ಟಿಗೆ ಮಾಡಿಕೊಡಿ ಎಂದು ಸಮಿತಿಯ ಧರಣಪ್ಪ ಕೇಳಿದರು. ಒಪ್ಪಿಕೊಂಡೆ. ಕನ್ನಡದ ದನಿ ಜಯಮಾಲಾ ಅವರದು. ಮೂವತ್ತು ವರ್ಷ ಮಕ್ಕಳಿಗೆ ಪದ್ಯ ಓದಿಸಿದ ದನಿ.

ರೆಕಾರ್ಡ್ ಮಾಡುವ ಮೊದಲು ಅವರು ಬಸದಿಯ ಕಂಬಗಳ ನಡುವೆ ನಿಂತು ಓದಿ ಅಭ್ಯಾಸ ಮಾಡುತ್ತಿದ್ದರು. ಆ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ನಾನು ಬೆನ್ನು ತಿರುಗಿಸಿ ನಿಂತು ಕಂಬವನ್ನೇ ನೋಡುತ್ತಿದ್ದೆ. ಅದರೊಳಗೆ ಅವರ ಬಿಳಿ ಜಡೆ, ಜಾರುವ ಕನ್ನಡಕ, ಅದನ್ನು ಮೇಲಕ್ಕೆ ದೂಡುವ ಬೆರಳು.

"ಮಾಸ್ಟ್ರೇ, ಕಂಬ ನೋಡ್ತಿದೀರೋ, ಕಂಬದೊಳಗೆ ನೋಡ್ತಿದೀರೋ?"

ಅರವತ್ತಾರರ ಗಂಡಸು ಕೆಂಪಾಗಬಾರದು. ಆದೆ.

ಪೆಟ್ಟಿಗೆ ಚಿಕ್ಕದು. ಎಲ್ಲ ಭಾಷೆಯನ್ನೂ ಬೆಳಿಗ್ಗೆಯೇ ತುಂಬಿದರೆ ಏದುಸಿರು ಬಿಡುತ್ತದೆ. ಅದಕ್ಕೆ ಒಂದೊಂದು ಭಾಷೆಯನ್ನು ಒಂದೊಂದು ಮಾಡ್ಯೂಲ್, ಅಂದರೆ ಬೇರೆ ಬೇರೆ ಕಟ್ಟು, ಮಾಡಿ, ಯಾರಾದರೂ ಮೊದಲು ಕೇಳಿದಾಗ ಮಾತ್ರ ಲೋಡ್ ಆಗುವಂತೆ ಇಟ್ಟಿದ್ದೆ. ಒಂದೊಂದು ಹೆಡ್‌ಫೋನಿಗೂ ಬೇರೆ ಬೇರೆ ಥ್ರೆಡ್, ಕೆಲಸದ ಎಳೆ. ಒಂದು ಇನ್ನೊಂದಕ್ಕೆ ಕಾಯದೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಎಲ್ಲ ಸರಿ. ಆದರೆ 'ಲೋಡ್ ಆಗಿದೆ' ಎಂಬ ಗುರುತನ್ನು ಮೊದಲು ಹಾಕಿ, ಲೋಡ್ ಮಾಡುವುದನ್ನು ಆಮೇಲೆ ಇಟ್ಟಿದ್ದೆ.

ಉದ್ಘಾಟನೆಯ ದಿನ ಸಮಿತಿಯ ಕಾಂತಮ್ಮನವರೂ ಧರಣಪ್ಪನೂ ಒಟ್ಟಿಗೇ ಕನ್ನಡದ ಗುಂಡಿ ಒತ್ತಿದರು. ಕಾಂತಮ್ಮನವರ ಥ್ರೆಡ್ ಗುರುತು ಹಾಕಿ ಮಾಡ್ಯೂಲ್ ತುಂಬಲು ಹೊರಟಿತು. ಧರಣಪ್ಪನದು ಆ ಗುರುತನ್ನು ನಂಬಿ ಒಳಗೆ ನುಗ್ಗಿ, ಅಷ್ಟರಲ್ಲಿ ಬಂದಿದ್ದ ದನಿಯ ಅರ್ಧಂಬರ್ಧ ತುಂಡುಗಳನ್ನೇ ಬಾಚಿಕೊಂಡಿತು. ಇಲ್ಲದ ತುಂಡುಗಳನ್ನು ಹಾರಿಸಿ ಹಾರಿಸಿ ಓದಿತು. ಕಾಂತಮ್ಮನವರು ಚೆನ್ನಾಗಿದೆ ಅಂದರು. ಅವರು ಎಲ್ಲಕ್ಕೂ ಹಾಗೆ ಅನ್ನುವವರು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಧರಣಪ್ಪ ತಮ್ಮ ಹೆಡ್‌ಫೋನನ್ನು ಎಲ್ಲರಿಗೂ ದಾಟಿಸಿದರು. "ಟೀಚರ್‌ಗೆ ವಯಸ್ಸಾತು. ಪದ ನುಂಗ್ತಾರೆ. ಬೇರೆ ಯಾರ ಕೈಲಾದ್ರೂ ಓದ್ಸಣ."

ಕೊನೆಗೆ ಅದು ಟೀಚರ ಕೈಗೆ ಬಂತು. ಕೇಳಿದರು. ನನ್ನ ಕಡೆ ನೋಡಿದರು. "ನನ್ನ ದನಿನೇ ಕೈ ಕೊಡ್ತು ಕಣ್ರೀ. ನಿಮ್ಮ ಕೆಲಸ ಹಾಳು ಮಾಡ್ಬಿಟ್ಟೆ."

ನಾನು ಪೆಟ್ಟಿಗೆ ಎತ್ತಿಕೊಂಡು ಅರಸೀಕೆರೆಗೆ ಬಂದೆ. ಮನೆಯಲ್ಲಿ ಒಂದೇ ಹೆಡ್‌ಫೋನಿನಲ್ಲಿ ಕೇಳಿದರೆ ಒಂದು ಅಕ್ಷರವೂ ಜಾರಿಲ್ಲ. ಎರಡನ್ನು ಒಟ್ಟಿಗೆ ಒತ್ತಿದೆ. ತಡವರಿಕೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಒಂಟಿ ಹಳಿಯ ಕಾಲದಲ್ಲಿ ನಮ್ಮಲ್ಲಿ ಟೋಕನ್ ಅಂತ ಕಬ್ಬಿಣದ ಚೆಂಡು ಇರುತ್ತಿತ್ತು. ಅದು ಕೈಗೆ ಬರದೆ ಯಾವ ಡ್ರೈವರೂ ಗಾಡಿ ಬಿಡುತ್ತಿರಲಿಲ್ಲ. ಸರ್ವೀಸ್ ಪೂರ್ತಿ ಒಂದು ಹಳಿಗೆ ಎರಡು ಗಾಡಿ ಬಿಡದವನು ಇಲ್ಲಿ ಬಿಟ್ಟಿದ್ದೆ.

ಒಂದು ಥ್ರೆಡ್ ತುಂಬಿ ಮುಗಿಸುವವರೆಗೆ ಇನ್ನೊಂದನ್ನು ಕಾಯಿಸುವ, ಟೋಕನ್ನಿನಂಥ ಲಾಕ್ ಒಂದನ್ನು ಹಾಕಲು ಹತ್ತು ನಿಮಿಷ ಸಾಕಾಯಿತು. ಹೇಳಲು ಮೂರು ವಾರ ಹಿಡಿಯಿತು. ದಿನಾ ಫೋನ್ ಎತ್ತುವುದು, ಇಡುವುದು. ಅಷ್ಟರಲ್ಲಿ, ಟೀಚರ್ ಬೆಳಿಗ್ಗೆ ಬಸದಿಯಲ್ಲಿ ಸ್ತೋತ್ರವನ್ನೂ ಜೋರಾಗಿ ಹೇಳುತ್ತಿಲ್ಲ ಎಂದು ಕಾಂತಮ್ಮ ಫೋನಿನಲ್ಲಿ ಹೇಳಿದರು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದೆ. ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡು, ಪೆಟ್ಟಿಗೆ ಹಿಡಿದು ಬಸ್ ಹತ್ತಿದೆ.

ಟೀಚರ್ ಮನೆಯ ಜಗಲಿಯಲ್ಲಿ ಕೂತಿದ್ದರು. ಗುರುತು, ಥ್ರೆಡ್, ಟೋಕನ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಮಿಠಾಯಿಯ ಪೊಟ್ಟಣ ಬಿಚ್ಚಲಿಲ್ಲ.

"ಯಾವತ್ತಿಂದ ಗೊತ್ತು?"

"ಅವತ್ತು ಸಾಯಂಕಾಲದಿಂದ."

"ಮೂರು ವಾರ ನಾನು ದೇವರ ಮುಂದೂ ತುಟಿ ಕಚ್ಕೊಂಡು ನಿಂತಿದ್ದೆ."

ನಾನು ತಲೆ ತಗ್ಗಿಸಿದೆ. "ನಿಮ್ಮ ಕಣ್ಣಲ್ಲಿ ಚಿಕ್ಕೋನಾಗೋಕೆ ಭಯ ಆಯ್ತು. ಬೇರೆಯವರ ಕಣ್ಣಲ್ಲಾದ್ರೆ ಆಗ್ತಿರ್ಲಿಲ್ಲ. ಮನಸ್ಸಲ್ಲಿರೋ ಅದಕ್ಕೇನಂತಾರೆ ಅಂತ ನಿಮಗೂ ಗೊತ್ತು."

"ಅದರ ಹೆಸರು ಆಮೇಲೆ. ಮೊದಲು ಧರಣಪ್ಪನೋರ ಮನೆಗೆ ನಡೀರಿ."

ಹೋದೆ. ಅವರೂ ಹಿಂದೆ ಬಂದು ಬಾಗಿಲಲ್ಲಿ ನಿಂತರು. ಅಲ್ಲಿ ಸೇರಿದ್ದ ಸಮಿತಿಯ ನಾಲ್ಕು ಜನರ ಮುಂದೆ ತಪ್ಪು ನನ್ನದು ಎಂದೆ. ಧರಣಪ್ಪ ಎದ್ದು ಬಾಗಿಲಿಗೆ ಹೋದರು. ಟೀಚರಿಗೆ ಕೈ ಮುಗಿದರು, ನನಗೆ ಮುಗಿಯಲಿಲ್ಲ. ಸರಿಯೇ.

ಬಸದಿಯಲ್ಲಿ ಪೆಟ್ಟಿಗೆ ಆನ್ ಮಾಡಿದೆ. ಅವರೊಂದು ಹೆಡ್‌ಫೋನ್, ನಾನೊಂದು. ಒಟ್ಟಿಗೇ ಗುಂಡಿ ಒತ್ತಿದೆವು. ನನ್ನ ಥ್ರೆಡ್ ಒಂದು ಗಳಿಗೆ ಕಾಯಿತು, ಆಮೇಲೆ ಇಬ್ಬರ ಕಿವಿಯಲ್ಲೂ ಅದೇ ದನಿ, ಇಡಿಯಾಗಿ.

"ಆಫ್ ಮಾಡಿ ಮತ್ತೆ ಹಾಕಿ," ಅಂದರು. ನಂಬಿಕೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ಏಳು ಸಲ ಹಾಕಿಸಿದರು.

ಏಳನೆಯ ಸಲ ಅವರು ಹೆಡ್‌ಫೋನ್ ತೆಗೆದು, ಅದೇ ವಾಕ್ಯವನ್ನು ಬಾಯಿಬಿಟ್ಟು ಓದಿದರು. ನಾನು ಹೆಡ್‌ಫೋನಿನಿಂದ ಒಂದು ಕಿವಿ ಬಿಡಿಸಿಕೊಂಡೆ. ಒಂದು ಕಿವಿಯಲ್ಲಿ ಪೆಟ್ಟಿಗೆಯ ಟೀಚರ್, ಇನ್ನೊಂದರಲ್ಲಿ ನನ್ನ ಟೀಚರ್.

ಕಂಬದೊಳಗೆ ನೋಡಿದೆ. ಈ ಸಲ ಅವರೂ ಅಲ್ಲೇ ನೋಡುತ್ತಿದ್ದರು.

"ಈಗ ಹೇಳಿ, ಆ ಹೆಸರು."

ಹೇಳಿದೆ. ಒಂದೊಂದು ಅಕ್ಷರಕ್ಕೂ ತಡವರಿಸಿದೆ. ಅವರು ಪೂರ್ತಿ ಬರುವವರೆಗೂ ಕಾದರು.