ಬೋರಲು ಹಾಕಿದ ಗ್ಲಾಸು

ಹಲಗೆಯ ಮೇಲೆ ಬೋರಲು ಹಾಕಿದ್ದ ಗ್ಲಾಸುಗಳು ಐದಿದ್ದವು. ಮಧ್ಯಾಹ್ನ ಅವಳು ಬಂದು ನೋಡಿದಾಗ ನಾಲ್ಕೇ ಉಳಿದಿದ್ದವು.

ಅವಳು ಮತ್ತೊಮ್ಮೆ ಎಣಿಸಿದಳು.

"ಅಕ್ಕಾ, ಇಲ್ಲಿಂದ ಒಂದು ಗ್ಲಾಸ್ ತೆಗೆದ್ಯಾ?"

"ಬಿರುಕು ಬಿಟ್ಟಿದ್ದನ್ನ ಮುಟ್ಟೋ ಕರ್ಮ ನಂಗ್ಯಾಕೆ?" ಅಕ್ಕ ಒಳಗಿನಿಂದಲೇ ಗೊಣಗಿದಳು.

ಅಕ್ಕನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಹಳೆಯ ಗ್ಲಾಸುಗಳಿಗೆ ಮೇಣ ಹೊಯ್ದು ಕ್ಯಾಂಡಲ್ ಮಾಡಿ ಮಾರುವುದು ಇಬ್ಬರ ಕಸುಬು. ಮೂರು ವರ್ಷದ ಹಿಂದೆ ಉರಿಯುತ್ತಿದ್ದ ಕ್ಯಾಂಡಲ್ಲಿನ ಗ್ಲಾಸು ಅವಳ ಕೈಯಲ್ಲೇ ಸೀಳಿಹೋಗಿತ್ತು. ಅಂದಿನಿಂದ ತಂಗಿ ಪ್ರತಿ ಹಳೆಯ ಗ್ಲಾಸನ್ನೂ ತೊಳೆದು, ಒರೆಸಿ, ಚಮಚದಿಂದ ತಟ್ಟಿ, ಕಿವಿಗೊಟ್ಟು ಕೇಳದೆ ಒಂದು ಹನಿ ಮೇಣ ಹೊಯ್ದವಳಲ್ಲ. ಟಣ್ ಎಂದರೆ ಗಟ್ಟಿ, ನೆಟ್ಟಗೆ ಇಡುವಳು. ದಬ್ ಎಂದರೆ ಬಿರುಕು, ಎಸೆಯುವುದಕ್ಕೆಂದು ಬೋರಲು ಹಾಕುವಳು. ಇದು ಅಕ್ಕತಂಗಿಯರಿಗೆ ಮಾತ್ರ ಗೊತ್ತು. ನಿನ್ನೆ ಇಲ್ಲಿ ಮೂರನೆಯವನೊಬ್ಬನಿದ್ದ.

ಎದುರು ಬೀದಿಯ ಪುಸ್ತಕ ಬೈಂಡಿಂಗ್ ಅಂಗಡಿಯವನು. ಗ್ಲಾಸುಗಳ ಲೇಬಲ್ ಬಿಡಿಸಲು ತಾನೇ ಮೇಲೆ ಬಿದ್ದು ಬಂದಿದ್ದ. "ಅಂಟಿನ ವಿಷಯ ನಂಗೆ ಬಿಡಿ" ಎಂದು ಅಂಗಿಯ ತೋಳು ಮಡಚಿ, ಬಿಸಿನೀರಲ್ಲಿ ನೆನೆದ ಲೇಬಲ್ಲುಗಳನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದಿದ್ದ. ಅವಳು ಗ್ಲಾಸು ತಟ್ಟಿ ಕೇಳುವಾಗ ಮಾತ್ರ ಅವನ ಕಣ್ಣು ಅವಳ ಕಿವಿಯ ಪಕ್ಕದ ಕೂದಲಿನಲ್ಲೇ ಸಿಕ್ಕಿಕೊಂಡಿತ್ತು.

"ಏನ್ರೀ ನೋಡ್ತಿದೀರಾ?"

"ಕೆಲಸ ಕಲೀತಿದೀನಿ."

"ಕಲಿಯೋರು ಕೈ ನೋಡ್ತಾರೆ."

"ಇರಿ, ಕೈಗೂ ಬರ್ತೀನಿ."

ಅವಳು ನಕ್ಕುಬಿಟ್ಟಿದ್ದಳು. ಆ ನಗುವಿನಲ್ಲಿ ಬೋರಲು ಗ್ಲಾಸಿನ ಮಾತು ಹೇಳುವುದೇ ಮರೆತುಹೋಗಿತ್ತು. ಹೊರಡುವಾಗ ಅವನು ಒಂದಿಷ್ಟು ಮೇಣ, ಒಂದು ಬತ್ತಿ ಕೇಳಿ ಪಡೆದಿದ್ದ. ಯಾಕೆಂದು ಕೇಳಿದರೆ, "ನಾಳೆ ಗೊತ್ತಾಗುತ್ತೆ" ಎಂದಿದ್ದ.

ಅವನ ಅಂಗಡಿಯ ತುಂಬ, ನೆಲದಿಂದ ಸೂರಿನವರೆಗೂ ಕಾಗದ.

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬೀದಿಯಲ್ಲಿ ಎಲ್ಲ ಎಂದಿನಂತೆಯೇ ಇತ್ತು, ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದೇ ಅವಳಿಗೆ ಇನ್ನಷ್ಟು ಭಯ ತಂದಿತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಸಂದಿಯಲ್ಲಿ ಹಳದಿ ಬೆಳಕು ನಡುಗುತ್ತಿತ್ತು.

"ಬಂದೇಬಿಟ್ರಾ! ನಾನೇ ಕರೆಯೋಕೆ ಬರೋನಿದ್ದೆ."

ಎರಡು ಕಾಗದದ ಕಟ್ಟುಗಳ ನಡುವೆ ಗ್ಲಾಸು ಉರಿಯುತ್ತಿತ್ತು. ಮೇಣ ಆಗಲೇ ಅರ್ಧ ಕರಗಿತ್ತು.

"ನಾನೇ ಮಾಡಿದ್ದು, ನಿಮಗೆ ಅಂತ. ಇವತ್ತು ನಿಮ್ಮನ್ನ ಒಂದು ಮಾತು..."

"ಮುಟ್ಬೇಡಿ!"

ಅವನು ಎತ್ತಿಯಾಗಿತ್ತು.

ಚಿಟ್ ಎಂದಿತು, ಅಷ್ಟೇ. ಗ್ಲಾಸು ಎರಡು ಹೋಳಾಗಿ ಕುದಿಮೇಣ ಅವನ ಅಂಗೈಗೆ ಸುರಿಯಿತು. ಬತ್ತಿ ಕಾಗದದ ಮೇಲೆ ಬಿದ್ದು ಭಗ್ಗೆಂದಿತು. ಅವಳು ಕೈಗೆ ಸಿಕ್ಕ ಸ್ಟೀಲ್ ತಟ್ಟೆಯನ್ನು ಬೆಂಕಿಯ ಮೇಲೆ ಕವುಚಿ ಎರಡೂ ಕೈಯಲ್ಲಿ ಅದುಮಿದಳು. ಹೊಗೆ ನಿಲ್ಲುವವರೆಗೂ ಅವಳು ತಟ್ಟೆ ಎತ್ತಲಿಲ್ಲ.

ಆಮೇಲೆ ಅವನನ್ನು ನಲ್ಲಿಯ ಬಳಿಗೆ ಎಳೆದೊಯ್ದು ಕೈಯನ್ನು ನೀರಿಗೆ ಒಡ್ಡಿದಳು.

"ಬೋರಲು ಹಾಕಿದ್ರಲ್ಲ, ತೊಳೆದು ತಯಾರಾಗಿರೋದು ಅಂದ್ಕೊಂಡೆ. ಅಮ್ಮ ಹಾಗೇ ಇಡೋರು."

"ಎಲ್ರ ಮನೇಲೂ ಹಾಗೇ ಇಡ್ತಾರೆ. ತಪ್ಪು ನಂದೇ," ಎಂದವಳ ಕಣ್ಣೀರು ನಲ್ಲಿನೀರಿನ ಜೊತೆ ಹರಿಯಿತು.

"ಅಳ್ಬೇಡಿ. ನಾನಿನ್ನೂ ಮಾತು ಕೇಳೇ ಇಲ್ಲ."

"ಮೊದಲು ಬೆರಳು ಮಡಚಿ."

"ಉರೀತಿದೆ ಕಣ್ರೀ."

"ಮಡಚಿ ಅಂದೆ!" ಅವಳ ಕಣ್ಣೆದುರು ಅಕ್ಕನ ಕೈಯೇ ಇತ್ತು.

ಹೆಬ್ಬೆರಳು ಮಡಚಿತು. ತೋರುಬೆರಳು. ನಡುಬೆರಳು. ಉಂಗುರದ ಬೆರಳು ಅರ್ಧಕ್ಕೆ ನಿಂತು, ನಡುಗಿ, ಮಡಚಿತು. ಕಿರುಬೆರಳು ಅಲುಗಲೇ ಇಲ್ಲ. ಅವಳು ತನ್ನ ಬೆರಳನ್ನು ಮೆಲ್ಲಗೆ ಅವನ ಅಂಗೈಯೊಳಗೆ ಇಟ್ಟಳು. ಬಹಳ ಹೊತ್ತಿನ ಮೇಲೆ ಕಿರುಬೆರಳೂ ಬಾಗಿ ಅದನ್ನು ಹಿಡಿದುಕೊಂಡಿತು.

"ನೋಯ್ತಿದ್ಯಾ? ಬಿಡಿಸ್ಕೊಳ್ಲಾ?"

"ನೋಯ್ತಿದೆ. ಬಿಡಿಸ್ಕೋಬೇಡಿ."

ಅವಳು ಮೂಗೊರೆಸಿಕೊಂಡಳು. "ಸರಿ, ಈಗ ಕೇಳಿ."